ದಿನಾ ಓಡುತ್ತೇನೆ, ಆದರೂ 16ನೇ ಕಿಲೋಮೀಟರಿಗೆ ಕಾಲು ಕೈಕೊಡುತ್ತದೆ

ಪ್ರಶ್ನೆ: ನನಗೆ 43 ವರ್ಷ, ತೂಕ 72 ಕೆ.ಜಿ. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ಮೂರು ವರ್ಷದಿಂದ ಓಡುತ್ತಿದ್ದೇನೆ. ವಾರಕ್ಕೆ ಆರು ದಿನ, ಬೆಳಿಗ್ಗೆ ಕುಂದವಾಡ ಕೆರೆಯ ಹತ್ತಿರ 5 ಕಿ.ಮೀ. ಓಡುತ್ತೇನೆ. 29 ನಿಮಿಷ ಹಿಡಿಯುತ್ತದೆ. ಬೆಂಗಳೂರಿನಲ್ಲಿ 10 ಕಿ.ಮೀ. ರೇಸನ್ನು 58 ನಿಮಿಷಕ್ಕೆ ಮುಗಿಸಿದ್ದೇನೆ. ಆದರೆ 21 ಕಿ.ಮೀ.ಯ ಹಾಫ್ ಮ್ಯಾರಥಾನ್ ಎರಡು ಸಲ ಓಡಿದೆ, ಎರಡು ಸಲವೂ 16ನೇ ಕಿ.ಮೀ. ದಾಟುವಷ್ಟರಲ್ಲಿ ಕಾಲು ಕಲ್ಲಾಯಿತು. ಕಳೆದ ಸಲ ಮೊದಲ 10 ಕಿ.ಮೀ. ಒಂದು ಗಂಟೆಗೆ ಬಂತು, ಒಟ್ಟು ಮುಗಿಸಿದ್ದು 2 ಗಂಟೆ 24 ನಿಮಿಷಕ್ಕೆ. ಓಟದ ನಡುವೆ ಶಕ್ತಿಗೆಂದು ತಿನ್ನುವ ಸಕ್ಕರೆಯ ಜೆಲ್ ಮೂರು ತಿಂದಿದ್ದೆ, ಪ್ರಯೋಜನ ಆಗಲಿಲ್ಲ. ಬರುವ ಜನವರಿಯಲ್ಲಿ ಮುಂಬೈಯಲ್ಲಿ ಫುಲ್ ಮ್ಯಾರಥಾನ್ ಓಡುವ ಆಸೆ. ದಿನದ ಓಟದ ವೇಗ ಇನ್ನೂ ಹೆಚ್ಚಿಸಬೇಕಾ? ಎಡಗಾಲಿನಲ್ಲಿ ಮಂಡಿಯ ಕೆಳಗೆ ಮುಂದಿನ ಮೂಳೆ ಎರಡು ತಿಂಗಳಿಂದ ನೋಯುತ್ತಿದೆ. ಎರಡು ವರ್ಷದಿಂದ ಒಂದೇ ಶೂ ಇದೆ, ಈಗ ಅಡಿಯೊಳಗೆ ಗಟ್ಟಿ ಕಾರ್ಬನ್ ಹಾಳೆ ಇರುವ ಕಾರ್ಬನ್ ಪ್ಲೇಟ್ ಶೂ ತಗೊಳ್ಳಲಾ? ನಾವು ಸಸ್ಯಾಹಾರಿಗಳು. ಮನೆಯವರು ‘ಮಂಡಿ ಸವೆದುಹೋಗುತ್ತೆ, ಸಾಕು ಬಿಡಿ’ ಅನ್ನುತ್ತಾರೆ.

ಉತ್ತರ: ನಮಸ್ಕಾರ. ನೀವು ಅಂಕಿಗಳನ್ನು ಇಷ್ಟು ಸರಿಯಾಗಿ ಬರೆದು ಕಳುಹಿಸಿದ್ದಕ್ಕೆ ಮೊದಲು ಧನ್ಯವಾದ. ನಿಮ್ಮ ಪ್ರಶ್ನೆಗೆ ಉತ್ತರ ಆ ಅಂಕಿಗಳಲ್ಲೇ ಇದೆ.

ದಿನಾ 5 ಕಿ.ಮೀ.ಗೆ 29 ನಿಮಿಷ. ಅಂದರೆ ಒಂದು ಕಿ.ಮೀ.ಗೆ 5 ನಿಮಿಷ 48 ಸೆಕೆಂಡ್. ಬೆಂಗಳೂರಿನ ರೇಸಿನಲ್ಲಿ 10 ಕಿ.ಮೀ.ಗೆ 58 ನಿಮಿಷ. ಅದೂ ಒಂದು ಕಿ.ಮೀ.ಗೆ 5 ನಿಮಿಷ 48 ಸೆಕೆಂಡ್. ನೋಡಿದಿರಾ? ಸಾವಿರಾರು ಜನ, ಚಪ್ಪಾಳೆ, ಎದೆಗೆ ನಂಬರು, ಇಷ್ಟೆಲ್ಲ ಇದ್ದ ದಿನ ನೀವು ಎಷ್ಟು ಜೋರಾಗಿ ಓಡಿದಿರೋ, ಮಂಗಳವಾರ ಬೆಳಿಗ್ಗೆ ಕೆರೆ ಏರಿಯ ಹತ್ತಿರವೂ ಅಷ್ಟೇ ಜೋರಾಗಿ ಓಡುತ್ತಿದ್ದೀರಿ. ಬುಧವಾರವೂ ಅಷ್ಟೇ, ಗುರುವಾರವೂ ಅಷ್ಟೇ. ನೀವು ಮಾಡುತ್ತಿರುವುದು ಅಭ್ಯಾಸ ಅಲ್ಲ, ವಾರಕ್ಕೆ ಆರು ರೇಸು.

ಹಾಗಾಗಿ ವೇಗ ಹೆಚ್ಚಿಸಬೇಕಾ ಅನ್ನುವ ಪ್ರಶ್ನೆಗೆ ಉತ್ತರ: ಬೇಡ. ಇಳಿಸಬೇಕು. ಸ್ವಲ್ಪ ಅಲ್ಲ, ಚೆನ್ನಾಗಿಯೇ ಇಳಿಸಬೇಕು. ಕಿ.ಮೀ.ಗೆ ಏಳೂಕಾಲರಿಂದ ಏಳೂಮುಕ್ಕಾಲು ನಿಮಿಷದ ನಡುವೆ ಓಡಿ. ಇದನ್ನು ಹೇಳಿದಾಗ ನನ್ನ ಬಳಿ ಬರುವ ಹತ್ತರಲ್ಲಿ ಒಂಬತ್ತು ಜನರ ಮುಖ ಸಪ್ಪೆಯಾಗುತ್ತದೆ. ಇದೇನು ಓಟಾನಾ, ವಾಕಿಂಗ್ ಹೋಗುವವರೇ ನನ್ನನ್ನು ದಾಟಿ ಹೋಗುತ್ತಾರೆ ಅನ್ನುತ್ತಾರೆ. ಹೋಗಲಿ ಬಿಡಿ. ಅವರು ಜನವರಿಯಲ್ಲಿ 42 ಕಿ.ಮೀ. ಓಡಬೇಕಾಗಿಲ್ಲ.

ಕಾರಣ ಹೇಳುತ್ತೇನೆ. ಪೀಟರ್ ರೀಗಲ್ ಎಂಬ ಅಮೆರಿಕದ ಎಂಜಿನಿಯರ್ ಒಂದು ಸರಳ ಸೂತ್ರ ಕೊಟ್ಟಿದ್ದಾರೆ. ಓಟಗಾರರು ಈಗಲೂ ಅದನ್ನು ಬಳಸುತ್ತಾರೆ. ದೂರ ಎರಡು ಪಟ್ಟಾದರೆ ಸಮಯ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಸುಮಾರು 2.08 ಪಟ್ಟು ಆಗುತ್ತದೆ. 10 ಕಿ.ಮೀ.ಗೆ 58 ನಿಮಿಷ ಓಡುವವರು ದೂರದ ಓಟಕ್ಕೂ ತಯಾರಾಗಿದ್ದರೆ, ಹಾಫ್ ಮ್ಯಾರಥಾನನ್ನು 2 ಗಂಟೆ 8 ನಿಮಿಷದ ಆಸುಪಾಸಿನಲ್ಲಿ ಮುಗಿಸಬೇಕು. ನಿಮಗೆ ಹಿಡಿದದ್ದು 2 ಗಂಟೆ 24 ನಿಮಿಷ. ಆ 16 ನಿಮಿಷ ಎಲ್ಲಿ ಹೋಯಿತು? ಮೊದಲ 10 ಕಿ.ಮೀ.ಯಲ್ಲಿ ನೀವು ತಪ್ಪು ಮಾಡಲಿಲ್ಲ, ಕಿ.ಮೀ.ಗೆ ಆರು ನಿಮಿಷ ಅನ್ನುವುದು ನಿಮ್ಮ ಎದೆಯ ಶಕ್ತಿಗೆ ಸರಿಯಾದ ವೇಗವೇ. ಆದರೆ ಉಳಿದ 11 ಕಿ.ಮೀ.ಗೆ 84 ನಿಮಿಷ ಹಿಡಿಯಿತು. ನಿಮ್ಮ ಎದೆ, ಉಸಿರು ಎರಡೂ ತಯಾರಾಗಿವೆ. ಕಾಲಿಗೆ ಮಾತ್ರ 5 ಕಿ.ಮೀ. ಆಚೆ ಏನಿದೆ ಅಂತ ಗೊತ್ತಿಲ್ಲ. ಮೂರು ವರ್ಷದಿಂದ ಅದಕ್ಕೆ ಅರ್ಧ ಗಂಟೆಯ ಕೆಲಸ ಮಾತ್ರ ಕಲಿಸಿದ್ದೀರಿ. ಎರಡೂವರೆ ಗಂಟೆಯ ಕೆಲಸ ಕೊಟ್ಟ ದಿನ ಅದು ಕೈಚೆಲ್ಲಿತು.

ಜೆಲ್ ತಿಂದರೂ ಪ್ರಯೋಜನ ಆಗದಿದ್ದಕ್ಕೆ ಕಾರಣವೂ ಇದೇ. ಓಡುವಾಗ ನಮ್ಮ ದೇಹ ಒಂದು ಕೆ.ಜಿ. ತೂಕಕ್ಕೆ, ಒಂದು ಕಿ.ಮೀ.ಗೆ, ಸುಮಾರು ಒಂದು ಕಿಲೋಕ್ಯಾಲರಿ ಸುಡುತ್ತದೆ. 72 ಕೆ.ಜಿ.ಯ ನಿಮಗೆ ಹಾಫ್ ಮ್ಯಾರಥಾನಿಗೆ ಬೇಕಾಗುವುದು ಸುಮಾರು 1,500. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನಿನ ರೂಪದಲ್ಲಿ ನಾವು ಕೂಡಿಟ್ಟುಕೊಂಡಿರುವುದು ಸುಮಾರು 2,000. ಅಂದರೆ 16ನೇ ಕಿ.ಮೀ.ಯಲ್ಲಿ ನಿಮ್ಮ ಇಂಧನ ಖಾಲಿಯಾಗಿರಲಿಲ್ಲ. ಫುಲ್ ಮ್ಯಾರಥಾನ್‌ನಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ 3,000 ಬೇಕು, ಡಬ್ಬಿಯಲ್ಲಿ ಇರುವುದು 2,000. ಮೂವತ್ತು, ಮೂವತ್ತೈದನೇ ಕಿ.ಮೀ.ಯ ಹತ್ತಿರ ಎಷ್ಟೋ ಜನ ಗೋಡೆಗೆ ಹಾಯ್ದಂತೆ ನಿಂತುಬಿಡುವುದು ಅದಕ್ಕೇ.

ಆ ಗೋಡೆಯನ್ನು ಹಿಂದಕ್ಕೆ ತಳ್ಳುವ ದಾರಿ ಅಂದರೆ ನಿಧಾನದ ಓಟ. ನಿಧಾನವಾಗಿ ಓಡುವಾಗ ದೇಹ ಕೊಬ್ಬನ್ನು ಜಾಸ್ತಿ ಸುಡುತ್ತದೆ, ಗ್ಲೈಕೋಜನನ್ನು ಉಳಿಸುತ್ತದೆ. ಕೊಬ್ಬಿಗೆ ನಮ್ಮಲ್ಲಿ ಯಾರಿಗೂ ಬರ ಇಲ್ಲ. ಹೀಗೆ ತಿಂಗಳುಗಟ್ಟಲೆ ಓಡಿದರೆ ಸ್ನಾಯುಗಳ ಒಳಗೆ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳು ಹೆಚ್ಚುತ್ತವೆ. ಇದಕ್ಕೆಲ್ಲ ಬೇಕಾದದ್ದು ಸಮಯ, ರಭಸ ಅಲ್ಲ. ಈಗ ನೀವು ವಾರಕ್ಕೆ 30 ಕಿ.ಮೀ. ಓಡುತ್ತೀರಿ, ಅದಕ್ಕೆ ಮೂರು ಗಂಟೆಯೂ ಹಿಡಿಯುವುದಿಲ್ಲ. ಅದೇ 30 ಕಿ.ಮೀ.ಯನ್ನು ಏಳೂವರೆ ನಿಮಿಷದ ವೇಗದಲ್ಲಿ ಓಡಿದರೆ ಮೂರೂಮುಕ್ಕಾಲು ಗಂಟೆ. ದೂರ ಅಷ್ಟೇ, ಆದರೆ ಕಾಲು ಕಲಿಯುವ ಸಮಯ ಮುಕ್ಕಾಲು ಗಂಟೆ ಜಾಸ್ತಿ. ಅದೂ ಮರುದಿನ ಸುಸ್ತಿಲ್ಲದೆ.

ಇದು ಹೊಸ ಮಾತೇನೂ ಅಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಆರ್ಥರ್ ಲಿಡಿಯಾರ್ಡ್ ಅಂತ ಒಬ್ಬರಿದ್ದರು. ಶೂ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. ತನ್ನ ಮೇಲೇ ಪ್ರಯೋಗ ಮಾಡಿಕೊಂಡು, ಅಕ್ಕಪಕ್ಕದ ಹುಡುಗರನ್ನು ಸೇರಿಸಿಕೊಂಡು ತರಬೇತಿ ಕೊಟ್ಟರು. ಅವರ ಶಿಷ್ಯ ಪೀಟರ್ ಸ್ನೆಲ್ 800 ಮೀಟರ್ ಓಟಗಾರ. ಎರಡು ನಿಮಿಷದೊಳಗೆ ಮುಗಿಯುವ ಓಟ ಅದು. ಆದರೂ ಲಿಡಿಯಾರ್ಡ್ ಅವರನ್ನು ಭಾನುವಾರಗಳಂದು ವೈಯಾಟರುವಾ ಬೆಟ್ಟದ ದಾರಿಯಲ್ಲಿ 22 ಮೈಲಿ, ಅಂದರೆ 35 ಕಿ.ಮೀ. ಓಡಿಸುತ್ತಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರಿನಲ್ಲಿ ಚಿನ್ನ ಗೆದ್ದರು. ಅದೇ ದಿನ ಲಿಡಿಯಾರ್ಡ್ ಅವರ ಇನ್ನೊಬ್ಬ ಶಿಷ್ಯ ಮರ್ರೇ ಹಾಲ್ಬರ್ಗ್ 5,000 ಮೀಟರಿನಲ್ಲಿ ಚಿನ್ನ ಗೆದ್ದರು. ಎರಡು ನಿಮಿಷದ ಓಟಕ್ಕೇ ಅಷ್ಟು ತಳಪಾಯ ಬೇಕಾಯಿತು ಅಂದರೆ, ಐದು ಗಂಟೆಯ ಓಟಕ್ಕೆ ಎಷ್ಟು ಬೇಕು ಅಂತ ಯೋಚಿಸಿ.

ನಿಧಾನ ಅಂದರೆ ಎಷ್ಟು ನಿಧಾನ ಅಂತ ತಿಳಿಯಲು ವಾಚ್ ಬೇಕಾಗಿಲ್ಲ. ಪಕ್ಕದಲ್ಲಿ ಓಡುವವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ‘ನಿನ್ನೆ ಬ್ಯಾಂಕಿನಲ್ಲಿ ಸರ್ವರ್ ಡೌನ್ ಆಗಿ ಏಳು ಗಂಟೆವರೆಗೂ ಕೂತಿದ್ದೆ’ ಅಂತ ಒಂದೇ ಉಸಿರಿಗೆ ಹೇಳಲು ಆದರೆ ವೇಗ ಸರಿ ಇದೆ. ‘ನಿನ್ನೆ... ಬ್ಯಾಂಕಲ್ಲಿ...’ ಅಂತ ತುಂಡಾದರೆ ಇನ್ನೂ ಇಳಿಸಿ. ಒಬ್ಬರೇ ಓಡುವುದಾದರೆ ಗೊತ್ತಿರುವ ಒಂದು ವಚನವನ್ನು ಬಾಯಿಬಿಟ್ಟು ಹೇಳಿ ನೋಡಿ.

ಈಗ ಜೂನ್. ಮುಂಬೈ ಓಟ ನಡೆಯುವುದು ಜನವರಿಯ ಮೂರನೇ ಭಾನುವಾರ. ಹತ್ತಿರ ಹತ್ತಿರ ಮೂವತ್ತು ವಾರ ಇದೆ. ಇದು ಒಳ್ಳೆಯ ಅವಧಿ, ಆತುರ ಬೇಡ. ಮೊದಲ ಕೆಲವು ವಾರ ದೂರ ಹೆಚ್ಚಿಸಬೇಡಿ, ಇರುವ 30 ಕಿ.ಮೀ.ಯನ್ನೇ ಬೇರೆ ಥರ ಹಂಚಿಕೊಳ್ಳಿ. ಈ ಭಾನುವಾರ 10 ಕಿ.ಮೀ. ಸಾಕು. ಆಮೇಲೆ ಮಂಗಳವಾರ 6, ಗುರುವಾರ 7, ಶನಿವಾರ 5, ಭಾನುವಾರ 12. ಉಳಿದ ಮೂರು ದಿನ ಓಟ ಇಲ್ಲ. ಅಷ್ಟು ರಜೆ ಯಾಕೆ ಅನ್ನಿಸಬಹುದು. ಓಡುವಾಗ ದೇಹ ಗಟ್ಟಿಯಾಗುವುದಿಲ್ಲ, ಸವೆಯುತ್ತದೆ. ಗಟ್ಟಿಯಾಗುವುದು ಮಲಗಿದಾಗ, ಉಂಡಾಗ, ಸುಮ್ನೆ ಇದ್ದಾಗ. 43ನೇ ವಯಸ್ಸಿನಲ್ಲಿ ಇದು 23ಕ್ಕಿಂತ ನಿಧಾನ.

ಆಮೇಲೆ ಭಾನುವಾರದ ಓಟವನ್ನು ಮಾತ್ರ ವಾರಕ್ಕೆ ಒಂದೋ ಎರಡೋ ಕಿ.ಮೀ. ಏರಿಸುತ್ತಾ ಹೋಗಿ. ಮೂರು ವಾರ ಏರಿಸಿ, ನಾಲ್ಕನೇ ವಾರ ಬೇಕೆಂದೇ ಇಳಿಸಿ. ಸೆಪ್ಟೆಂಬರ್ ಕೊನೆಗೆ 20ರ ಆಸುಪಾಸು ಬಂದರೆ ಸಾಕು. ಡಿಸೆಂಬರಿನಲ್ಲಿ ಒಂದು ಸಲ, ಆದರೆ ಎರಡು ಸಲ, 30 ಕಿ.ಮೀ. ಅದಕ್ಕಿಂತ ಜಾಸ್ತಿ ಬೇಡ. ನಿಮ್ಮ ವೇಗದಲ್ಲಿ 30 ಕಿ.ಮೀ. ಅಂದರೆ ಮೂರೂಮುಕ್ಕಾಲು ಗಂಟೆ. ಅದರ ಮೇಲೆ ಓಡಿದರೆ ಸಿಗುವ ಲಾಭಕ್ಕಿಂತ ಕಾಲಿಗೆ ಆಗುವ ಹಾನಿ ಹೆಚ್ಚು. ಕೊನೆಯ 30 ಕಿ.ಮೀ. ಓಟ ರೇಸಿಗೆ ಮೂರು ವಾರ ಮೊದಲೇ ಮುಗಿದಿರಬೇಕು. ಅಲ್ಲಿಂದ ದೂರ ಇಳಿಸುತ್ತಾ ಬನ್ನಿ. ಈ ಕೊನೆಯ ಮೂರು ವಾರದಲ್ಲಿ ‘ಅಯ್ಯೋ ಕಡಿಮೆ ಆಯಿತು, ಇನ್ನೊಂದು ಲಾಂಗ್ ರನ್ ಹಾಕೋಣ’ ಅನ್ನಿಸಿಯೇ ಅನ್ನಿಸುತ್ತದೆ. ದಯವಿಟ್ಟು ಹಾಕಬೇಡಿ.

ವೇಗದ ಓಟವನ್ನು ಪೂರ್ತಿ ಬಿಡಿ ಅಂತಲೂ ಅಲ್ಲ. ಎರಡು ತಿಂಗಳು ಬರೀ ನಿಧಾನವಾಗಿ ಓಡಿದ ಮೇಲೆ, ಮೂಳೆ ನೋವು ಪೂರ್ತಿ ಹೋಗಿದ್ದರೆ, ಗುರುವಾರ ಒಂದು ದಿನ ಇಟ್ಟುಕೊಳ್ಳಿ. ಎರಡು ಕಿ.ಮೀ. ಮೈ ಬಿಸಿ ಮಾಡಿಕೊಂಡು, 20 ನಿಮಿಷ ಕಿ.ಮೀ.ಗೆ ಆರು ನಿಮಿಷದ ಹತ್ತಿರ ಓಡಿ, ಆಮೇಲೆ ಮತ್ತೆ ನಿಧಾನ. ವಾರಕ್ಕೆ ಅಷ್ಟು ಸಾಕು.

ಈಗ ಆ ಮೂಳೆ ನೋವು. ಇದನ್ನು ನೀವು ಪತ್ರದ ಕೊನೆಯ ಕಡೆ ಬರೆದಿದ್ದೀರಿ. ನನ್ನ ಪಟ್ಟಿಯಲ್ಲಿ ಇದು ಮೊದಲಿಗೇ ಬರಬೇಕಿತ್ತು. ಈಗಲೇ ಒಂದು ಕೆಲಸ ಮಾಡಿ. ಆ ಮೂಳೆಯ ಒಳಅಂಚಿನ ಮೇಲೆ ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಒತ್ತುತ್ತಾ ಬನ್ನಿ. ನೋವು ಒಂದು ಗೇಣಿನಷ್ಟು ಉದ್ದಕ್ಕೆ ಹರಡಿದ್ದು, ಓಟ ಶುರುವಾದಾಗ ಇದ್ದು ಆಮೇಲೆ ಕಡಿಮೆಯಾದರೆ, ಅದು ಬಹುಶಃ ಓಟಗಾರರು ಶಿನ್ ಸ್ಪ್ಲಿಂಟ್ಸ್ ಅನ್ನುವ ತೊಂದರೆ. ಒಂದು ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚಿದಂತೆ ನೋಯುತ್ತಿದ್ದರೆ, ಓಡುತ್ತಾ ಹೋದಂತೆ ಹೆಚ್ಚುತ್ತಿದ್ದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಹಾಗಿದ್ದರೆ ಓಟವನ್ನು ಇವತ್ತೇ ನಿಲ್ಲಿಸಿ, ಮೂಳೆ ವೈದ್ಯರನ್ನು ಕಾಣಿ. ಇಂಥ ಬಿರುಕು ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣಿಸದೆಯೂ ಇರಬಹುದು, ಆಗ ಎಂಆರ್‌ಐ ಬೇಕಾಗುತ್ತದೆ. ಮೊದಲನೆಯ ಥರದ್ದೇ ಆದರೂ, ಎರಡು ತಿಂಗಳು ಎಳೆದಿದೆ, ಒಮ್ಮೆ ತೋರಿಸಿಬಿಡಿ. ನೋವಿನ ಮಾತ್ರೆ ನುಂಗಿ ಓಡುವ ಅಭ್ಯಾಸ ಮಾತ್ರ ಬೇಡವೇ ಬೇಡ. ನೋವು ಕೊಡುವ ಎಚ್ಚರಿಕೆಯನ್ನು ಅದು ಮುಚ್ಚಿಹಾಕುತ್ತದೆ. ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ಉದ್ದದ ಓಟದಲ್ಲಿ, ಮೈಯಲ್ಲಿ ನೀರು ಕಡಿಮೆಯಾದಾಗ ತೆಗೆದುಕೊಂಡರೆ ಮೂತ್ರಪಿಂಡಕ್ಕೂ ಪೆಟ್ಟು.

ನೋವಿಗೆ ಒಂದು ಕಾರಣ ದಿನದ ಜೋರು ಓಟ. ಇನ್ನೊಂದು, ನಿಮ್ಮ ಶೂ. ಎರಡು ವರ್ಷ, ವಾರಕ್ಕೆ 30 ಕಿ.ಮೀ. ಲೆಕ್ಕ ಹಾಕಿ, 3,000 ಕಿ.ಮೀ. ದಾಟುತ್ತದೆ. ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬರುತ್ತದೆ. ಮೇಲಿನಿಂದ ಹೊಸದರಂತೆ ಕಂಡರೂ ಅಡಿಯ ಫೋಮ್ ಸತ್ತಿರುತ್ತದೆ. ಆದ್ದರಿಂದ ಹೊಸ ಶೂ ಖಂಡಿತ ತಗೊಳ್ಳಿ, ಕಾರ್ಬನ್ ಪ್ಲೇಟಿನದು ಮಾತ್ರ ಬೇಡ. ಅದು ಜೋರಾಗಿ ಓಡುವವರಿಗಾಗಿ ಮಾಡಿದ್ದು, ಬೆಲೆ ಜಾಸ್ತಿ, ಬಾಳಿಕೆ ಕಡಿಮೆ. ಐದು ಗಂಟೆ ಓಡುವ ಕಾಲಿಗೆ ಬೇಕಾದದ್ದು ಹಾಕಿಕೊಂಡ ಕೂಡಲೇ ಹಿತ ಅನ್ನಿಸುವ, ಬೆರಳ ಮುಂದೆ ಹೆಬ್ಬೆರಳಿನಗಲ ಜಾಗ ಇರುವ ಸಾಧಾರಣ ತರಬೇತಿ ಶೂ. ಸಂಜೆ ಹೋಗಿ ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರಲ್ಲಿ ಅದೇ ರೋಮ್‌ನಲ್ಲಿ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಚಿನ್ನ ಗೆದ್ದರು. ನಾಲ್ಕು ವರ್ಷದ ನಂತರ ಟೋಕಿಯೋದಲ್ಲಿ ಶೂ ಹಾಕಿಕೊಂಡು ಮತ್ತೆ ಚಿನ್ನ ಗೆದ್ದರು. ಎರಡೂ ಸಲ ವಿಶ್ವದಾಖಲೆ. ನೀವು ಬರಿಗಾಲಲ್ಲಿ ಓಡಿ ಅಂತ ಇದನ್ನು ಹೇಳುತ್ತಿಲ್ಲ. ಇಪ್ಪತ್ತು ಸಾವಿರ ರೂಪಾಯಿ ಖರ್ಚು ಮಾಡುವ ಮುಂಚೆ ಇದು ನೆನಪಿರಲಿ ಅಂತ ಅಷ್ಟೇ.

ಓಟ ಇಲ್ಲದ ದಿನಗಳಲ್ಲಿ ವಾರಕ್ಕೆರಡು ಸಲ ಇಪ್ಪತ್ತು ನಿಮಿಷ ಕಾಲಿಗೆ ಬಲ ಕೊಡಿ. ಜಿಮ್ ಬೇಕಿಲ್ಲ. ನಮ್ಮ ಗರಡಿ ಮನೆಗಳ ಬಸ್ಕಿಗಿಂತ ಒಳ್ಳೆಯ ವ್ಯಾಯಾಮ ನಾನು ಕಂಡಿಲ್ಲ. ಹತ್ತು ಹತ್ತರಂತೆ ಮೂರು ಸಲ, ನಿಧಾನವಾಗಿ. ಜೊತೆಗೆ ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಮಾತ್ರ ಊರಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂದೊಂದೇ ಕಾಲಲ್ಲಿ. ಮೀನಖಂಡ ಗಟ್ಟಿಯಾದಷ್ಟೂ ಮುಂದಿನ ಮೂಳೆಗೆ ಬೀಳುವ ಪೆಟ್ಟು ಕಡಿಮೆ. ಹಿಮ್ಮಡಿಯ ವ್ಯಾಯಾಮವನ್ನು ನೋವು ಇಳಿದ ಮೇಲೆ ಶುರು ಮಾಡಿ.

ಮನೆಯವರ ಆತಂಕಕ್ಕೆ ಹೀಗೆ ಹೇಳಿ. 2017ರಲ್ಲಿ, ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ಪರಿಶೀಲನೆ ಬಂತು. ಮಂಡಿ ಮತ್ತು ಸೊಂಟದ ಕೀಲು ಸವೆತ ಹವ್ಯಾಸಿ ಓಟಗಾರರಲ್ಲಿ ಶೇ. 3.5, ಓಡದೆ ಕೂತೇ ಇರುವವರಲ್ಲಿ ಶೇ. 10.2. ಮಂಡಿ ನೋವಿದ್ದವರು ಓಟದ ಹತ್ತಿರವೇ ಬರುವುದಿಲ್ಲ ಅನ್ನುವುದೂ ಈ ವ್ಯತ್ಯಾಸಕ್ಕೆ ಒಂದು ಕಾರಣ ಇರಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಳತೆ ಮೀರದೆ ಓಡಿದರೆ ಮಂಡಿ ಸವೆಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಅವರ ಕಾಳಜಿಯಲ್ಲಿ ಇನ್ನೊಂದು ಸತ್ಯ ಇದೆ. ನಲವತ್ತು ದಾಟಿದವರು ದೂರದ ಓಟಕ್ಕೆ ಇಳಿಯುವ ಮೊದಲು ಬಿಪಿ, ಶುಗರ್, ಇಸಿಜಿ ಮಾಡಿಸಿ ವೈದ್ಯರ ಒಪ್ಪಿಗೆ ಪಡೆಯಬೇಕು. ಓಡುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ, ಎಂದೂ ಇಲ್ಲದ ಏದುಸಿರು ಬಂದರೆ ಅಲ್ಲೇ ನಿಲ್ಲಿಸಬೇಕು. ನೀವು ಸಸ್ಯಾಹಾರಿ, ಹಾಗಾಗಿ ಅದೇ ಸಲ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ಸಂಗ್ರಹ ತಿಳಿಸುವ ಪರೀಕ್ಷೆ), ಬಿ12, ವಿಟಮಿನ್ ಡಿ ಕೂಡ ಪರೀಕ್ಷೆ ಮಾಡಿಸಿ. ಅಭ್ಯಾಸ ಸಾಲದು ಅಂತ ತಮ್ಮನ್ನೇ ಬೈದುಕೊಳ್ಳುತ್ತಾ, ಕೊನೆಗೆ ನೋಡಿದರೆ ಬರೀ ಬಿ12 ಕೊರತೆ ಇದ್ದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಊಟದ ವಿಚಾರ. ದಿನನಿತ್ಯ ನೀವು ತಿನ್ನುವ ರೊಟ್ಟಿ, ಮುದ್ದೆ, ಅನ್ನ, ಬೇಳೆ, ಮೊಳಕೆಕಾಳು, ಮೊಸರು ಬದಲಿಸುವ ಅಗತ್ಯ ಏನೂ ಇಲ್ಲ. ಬೇಳೆಕಾಳು ಸ್ವಲ್ಪ ಜಾಸ್ತಿ ಇರಲಿ. ಲಾಂಗ್ ರನ್ನಿನ ಹಿಂದಿನ ರಾತ್ರಿ ಮಾತ್ರ ಅನ್ನ ಸಾರು, ಮೊಸರನ್ನದಂಥ ಸಲೀಸಾಗಿ ಜೀರ್ಣವಾಗುವ ಊಟ. ರಾಗಿ, ಜೋಳದಲ್ಲಿ ನಾರು ಜಾಸ್ತಿ, ಓಟದ ನಡುವೆ ಹೊಟ್ಟೆ ಕೆಡಬಹುದು. ಬೆಳಿಗ್ಗೆ ಓಡುವ ಒಂದೂವರೆ ಗಂಟೆ ಮೊದಲು ಎರಡು ಬಾಳೆಹಣ್ಣು ಅಥವಾ ಒಂದು ಬಟ್ಟಲು ಅವಲಕ್ಕಿ. ಬೆಣ್ಣೆ ದೋಸೆ ಓಟ ಮುಗಿದ ಮೇಲೆ, ಧಾರಾಳವಾಗಿ.

ಒಂದೂವರೆ ಗಂಟೆ ಮೀರುವ ಓಟದಲ್ಲಿ, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಜೆಲ್ ಒಗ್ಗಿದರೆ ಜೆಲ್. ಇಲ್ಲವಾದರೆ ನಮ್ಮ ಪಾನಕ ಇದೆಯಲ್ಲ, ರಾಮನವಮಿಯ ಪಾನಕ. ಅರ್ಧ ಲೀಟರ್ ನೀರಿಗೆ 30 ಗ್ರಾಂ ಬೆಲ್ಲ, ಅರ್ಧ ನಿಂಬೆಹಣ್ಣು, ಎರಡು ಚಿಟಿಕೆ ಉಪ್ಪು, ಬೇಕಾದರೆ ಚೂರು ಶುಂಠಿ. ಬೆಲ್ಲದ ತೂಕದಲ್ಲಿ ಬಹುಪಾಲು ಸಕ್ಕರೆಯೇ, ಹಾಗಾಗಿ ಲೆಕ್ಕ ಸುಲಭ. ನಾನು ವರ್ಷಗಟ್ಟಲೆ ಇದನ್ನೇ ಕುಡಿದು ಓಡಿದ್ದೇನೆ. ಆದರೆ ಏನೇ ಆಗಲಿ, ಲಾಂಗ್ ರನ್‌ಗಳಲ್ಲಿ ಕುಡಿದು ಒಗ್ಗಿಸಿಕೊಂಡಿದ್ದನ್ನು ಮಾತ್ರ ರೇಸಿನಲ್ಲಿ ಬಳಸಿ. ನೀರನ್ನು ಬಾಯಾರಿದಷ್ಟು ಕುಡಿಯಿರಿ. ಪ್ರತಿ ಸ್ಟಾಲಿನಲ್ಲೂ ಗಟಗಟ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಅಪಾಯ ಆಗಬಹುದು. ನಿಧಾನವಾಗಿ ಓಡುವವರಿಗೆ ಈ ಅಪಾಯ ಹೆಚ್ಚು, ಯಾಕೆಂದರೆ ಕುಡಿಯಲು ಸಮಯ ಜಾಸ್ತಿ ಸಿಗುತ್ತದೆ.

ಮುಂಬೈ ಬಗ್ಗೆ ಒಂದೆರಡು ಮಾತು. ಆ ಓಟ 2004ರಿಂದ ನಡೆಯುತ್ತಿದೆ. ಅಲ್ಲಿ ಓಡಿ ಬಂದವರನ್ನು ಕೇಳಿದರೆ ಮೊದಲು ಹೇಳುವುದು ಪೆಡ್ಡರ್ ರೋಡಿನ ಏರಿನ ಬಗ್ಗೆ. ನನ್ನನ್ನು ಕೇಳಿದರೆ ಆ ಏರಿಗಿಂತ ಕಷ್ಟ ಕಡಲ ತೀರದ ತೇವದ ಗಾಳಿ. ದಾವಣಗೆರೆಯ ಒಣ ಹವೆಯಲ್ಲಿ ಬೆವರು ಆರುತ್ತದೆ, ಮೈ ತಂಪಾಗುತ್ತದೆ. ಮುಂಬೈಯಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ಅದೇ ವೇಗಕ್ಕೆ ಹೃದಯ ಜಾಸ್ತಿ ಬಡಿಯುತ್ತದೆ. ನನ್ನ ಮೊದಲ ಫುಲ್ ಮ್ಯಾರಥಾನ್ ಅಲ್ಲೇ. ಬೆಳಗಿನ ತಂಪು ನಂಬಿ ಮೊದಲರ್ಧವನ್ನು 2 ಗಂಟೆ 5 ನಿಮಿಷಕ್ಕೆ ಓಡಿದೆ. 33ನೇ ಕಿ.ಮೀ.ಯಲ್ಲಿ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಯಾರೋ ಒಬ್ಬ ತಾಯಿ ಕಿತ್ತಳೆ ತೊಳೆ ಕೈಗಿಟ್ಟು, ಬೆನ್ನು ತಟ್ಟಿ ಎಬ್ಬಿಸಿದರು. ಉಳಿದರ್ಧಕ್ಕೆ ಮೂರು ಗಂಟೆ ಮೀರಿತು. ಆ ಒಂಬತ್ತು ಕಿ.ಮೀ. ನಡಿಗೆಯಲ್ಲಿ ಕಲಿತದ್ದನ್ನೇ ಈಗ ನಿಮಗೆ ಬರೆಯುತ್ತಿದ್ದೇನೆ.

ರೀಗಲ್ ಸೂತ್ರ ನಿಮಗೆ 4 ಗಂಟೆ 27 ನಿಮಿಷ ಅಂತ ಹೇಳುತ್ತದೆ. ಮೊದಲ ಸಲಕ್ಕೆ ಅದನ್ನು ನಂಬಬೇಡಿ. 5 ಗಂಟೆಯ ಆಸುಪಾಸು ಇಟ್ಟುಕೊಳ್ಳಿ, ಕಿ.ಮೀ.ಗೆ ಏಳು ನಿಮಿಷ ಹತ್ತು ಸೆಕೆಂಡ್. ಶುರುವಿನಲ್ಲಿ ಎಲ್ಲರೂ ನಿಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ, ಹೋಗಲು ಬಿಡಿ. ಅವರಲ್ಲಿ ಬಹಳ ಜನ 32ನೇ ಕಿ.ಮೀ.ಯ ಆಚೆ ಮತ್ತೆ ಸಿಗುತ್ತಾರೆ.

ಈ ವಾರ ಮೊದಲು ಕಾಲನ್ನು ತೋರಿಸಿ. ವೈದ್ಯರು ಓಡಬಹುದು ಅಂದರೆ, ಭಾನುವಾರ ಮನೆಯವರನ್ನೂ ಕೆರೆಯ ಹತ್ತಿರ ಕರೆದುಕೊಂಡು ಹೋಗಿ. ಅವರು ವಾಕಿಂಗ್ ಮಾಡಲಿ, ನೀವು 10 ಕಿ.ಮೀ. ಓಡಿ. 75 ನಿಮಿಷಕ್ಕಿಂತ ಮುಂಚೆ ಮುಗಿಸಬಾರದು. ಮುಗಿದ ಮೇಲೆ ಇನ್ನೂ ಎರಡು ಕಿ.ಮೀ. ಓಡಬಹುದಿತ್ತು ಅನ್ನಿಸಿತಾ ಇಲ್ಲವಾ, ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಕಾಲು ಹೇಗಿತ್ತು, ಈ ಎರಡು ವಿಷಯ ಬರೆದು ಕಳುಹಿಸಿ. ಜುಲೈ ತಿಂಗಳ ಲೆಕ್ಕ ಅದನ್ನು ನೋಡಿ ಹಾಕೋಣ.